ತಟಸ್ಥ ಐರ್ಲೆಂಡ್ ಸೈನಿಕರನ್ನು ಹೊರದೇಶಕ್ಕೆ ಕಳಿಸುವುದು ಹೇಗೆ?

ನ್ಯಾಟೋ ಸೇರದ ಐರ್ಲೆಂಡ್ ಯಾವ ಆಧಾರದ ಮೇಲೆ ಲೆಬನಾನಿಗೆ ಸೈನಿಕರನ್ನು ಕಳಿಸುತ್ತದೆ ಅಂತ ಕೇಳಿದ್ದೀರಿ. ತಟಸ್ಥ ಅಂದರೆ ಮಿಲಿಟರಿ ಕೂಟದಲ್ಲಿಲ್ಲ ಅಂತಷ್ಟೇ, ಮನೆಯಲ್ಲೇ ಕೂರುತ್ತಾರೆ ಅಂತಲ್ಲ. 1958ರಿಂದ ಅವರು ಶಾಂತಿಪಾಲನೆಯಲ್ಲಿದ್ದಾರೆ.

ಅಲ್ಲಿನ ‘ಟ್ರಿಪಲ್ ಲಾಕ್’ ನಿಯಮದ ಪ್ರಕಾರ 12ಕ್ಕಿಂತ ಹೆಚ್ಚು ಸಶಸ್ತ್ರ ಸೈನಿಕರು ಹೊರಡಬೇಕಾದರೆ ವಿಶ್ವಸಂಸ್ಥೆಯ ಅನುಮತಿ, ಸರ್ಕಾರದ ತೀರ್ಮಾನ, ಕೆಳಮನೆ ಡಾಯ್ಲ್‌ನ ಒಪ್ಪಿಗೆ ಮೂರೂ ಬೇಕು. ತೊಡಕಾಗುವುದು ಮೊದಲನೆಯದರಲ್ಲೇ. 1999ರಲ್ಲಿ ಚೀನಾ ವೀಟೋ ಹಾಕಿದ್ದರಿಂದ ಮ್ಯಾಸಿಡೋನಿಯಾದ ವಿಶ್ವಸಂಸ್ಥೆ ಕಾರ್ಯಾಚರಣೆ ನಿಂತಿತು. 2003ರಲ್ಲಿ ಯುರೋಪಿಯನ್ ಒಕ್ಕೂಟದ ಪಡೆ ಅಲ್ಲಿಗೆ ಹೋದಾಗ ವಿಶ್ವಸಂಸ್ಥೆಯ ವಿಧಿವತ್ತಾದ ಅನುಮತಿ ಇಲ್ಲದೆ ಐರ್ಲೆಂಡ್ ಹೊರಗುಳಿಯಿತು. ನಿಯಮ ಸಡಿಲಿಸಬೇಕು ಅನ್ನುವವರ ವಾದಕ್ಕೆ ಇಲ್ಲಿ ಬಲವಿದೆ ಅನ್ನಿಸುತ್ತದೆ.

ಪಡೆ ಸಣ್ಣದಾದರೆ ಏನಾಗುತ್ತದೆ ಅನ್ನುವುದಕ್ಕೆ ಕಾಂಗೋದ ಜಾಡೋವಿಲ್ ನೋಡಿ. 1961ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿದ್ದ ಸುಮಾರು 150 ಐರಿಷ್ ಸೈನಿಕರನ್ನು, ಕಾಂಗೋದಿಂದ ಬೇರೆಯಾಗಲು ಹೊರಟಿದ್ದ ಕಟಾಂಗಾ ಪ್ರಾಂತ್ಯದ ಪಡೆ ಸುತ್ತುವರಿಯಿತು. ನೆರವಿಗೆ ಹೊರಟ ತುಕಡಿಯನ್ನು ಲುಫಿರಾ ಸೇತುವೆಯಲ್ಲೇ ತಡೆದರು. ಹೆಲಿಕಾಪ್ಟರ್ ತಂದ ನೀರು ಹಳೇ ಪೆಟ್ರೋಲ್ ಕ್ಯಾನ್‌ಗಳಲ್ಲಿತ್ತು, ಕುಡಿಯುವಂತಿರಲಿಲ್ಲ! ಗುಂಡು, ನೀರು ಎರಡೂ ಮುಗಿದ ಮೇಲೆ ಕಮಾಂಡೆಂಟ್ ಪ್ಯಾಟ್ ಕ್ವಿನ್ಲನ್ ಶರಣಾದರು. ಒಬ್ಬರೂ ಸಾಯಲಿಲ್ಲ, ಆದರೂ ದಶಕಗಳ ಕಾಲ ಅವರಿಗೆ ಸಿಕ್ಕಿದ್ದು ಅವಮಾನವೇ. ಘಟಕಕ್ಕೆ ಸರ್ಕಾರಿ ಗೌರವ ಬಂದದ್ದು 2016ರಲ್ಲಿ.