"ಅದು ಕೆಲಸ ಅಲ್ಲ ಬಿಡ್ರಿ, ಅಂಗಡಿ ಲೆಕ್ಕ ಅಷ್ಟೇ"

ಈ ಪ್ರಕರಣ ಬರೆಯೋದೋ ಬೇಡವೋ ಅಂತ ತುಂಬ ದಿನ ಯೋಚಿಸಿದೆ. ಆಕೆಯ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲೇಬೇಕು ಅನಿಸಿದ್ದು ಯಾಕೆಂದರೆ ಆಪ್ತಸಲಹೆಗಾರ್ತಿಯಾದ ನನ್ನ ಮುಂದೆ ಇದೇ ಕಥೆ ಮತ್ತೆ ಮತ್ತೆ ಬಂದು ಕೂರುತ್ತಿದೆ. ಚಳ್ಳಕೆರೆಯ ಎಣ್ಣೆ ಮಿಲ್ಲಿನವರ ಮನೆಯ ಹುಡುಗ. ಹರಿಹರದಲ್ಲಿ ಅಮ್ಮನ ಜೊತೆ ಖಾನಾವಳಿ ನಡೆಸಿದ ಹುಡುಗಿ. ದಾವಣಗೆರೆಯಲ್ಲೇ ಮಂಡಕ್ಕಿ ಭಟ್ಟಿಯವರ ಮನೆಯ ಪದವೀಧರ. ಎಲ್ಲರ ಲಿಂಕ್ಡ್‌ಇನ್ ಪ್ರೊಫೈಲ್ (ಕೆಲಸ ಹುಡುಕುವವರೂ ಕೊಡುವವರೂ ಇರುವ ಜಾಲತಾಣದ ಪರಿಚಯ ಪುಟ) ತೆರೆದು ನೋಡಿ, ಓದು ಮುಗಿದ ವರ್ಷದಿಂದ ಇವತ್ತಿನವರೆಗೆ ಖಾಲಿ. ಕೇಳಿದರೆ ಒಂದೇ ಉತ್ತರ. ಮನೆ ವ್ಯಾಪಾರ ನೋಡ್ಕೊಳ್ತಿದ್ದೆ, ಕೆಲಸ ಏನೂ ಮಾಡಿಲ್ಲ.

ಈ ಪ್ರಕರಣದ ಹೆಣ್ಣುಮಗಳಿಗೆ 33 ವರ್ಷ. ಬಿಕಾಂ ಓದಿದ್ದಾರೆ. ಮದುವೆಯಾಗಿ ಬಂದದ್ದು ದಾವಣಗೆರೆಯ ಎಪಿಎಂಸಿಯಲ್ಲಿ ದಲ್ಲಾಳಿ ಅಂಗಡಿ ಇರುವ ಮನೆಗೆ, ಮುಖ್ಯವಾಗಿ ಮೆಕ್ಕೆಜೋಳದ ವ್ಯಾಪಾರ. ಹೊರಗೆ ಕೆಲಸ ಹುಡುಕಬೇಕು ಅಂತ ಆಸೆ. ಬೆಂಗಳೂರಿನಲ್ಲಿರುವ ತಮ್ಮ ಒಂದು ಭಾನುವಾರ ಕೂತು ಅಕ್ಕನಿಗೆ ಪ್ರೊಫೈಲ್ ಮಾಡಿಕೊಟ್ಟಿದ್ದ. ಹೆಸರಿನ ಕೆಳಗೆ "ಡೈನಾಮಿಕ್ ಫೈನಾನ್ಸ್ ಪ್ರೊಫೆಷನಲ್" ಅಂತ ಬರೆದಿದ್ದ. ಆಮೇಲಿಂದ ಆಕೆಗೆ ನಿದ್ದೆ ಸರಿಯಿಲ್ಲ. ಯಾರಾದರೂ ಮೆಸೇಜ್ ಮಾಡಿದರೆ ಎದೆ ಹೊಡೆದುಕೊಳ್ಳುತ್ತಿತ್ತು, ಎಲ್ಲಿ ಕೆಲಸ ಮಾಡಿದ್ದೀರಿ ಅಂತ ಕೇಳಿಬಿಟ್ಟರೆ ಏನು ಹೇಳಲಿ ಅಂತ. ನನ್ನ ಹತ್ತಿರ ಬಂದದ್ದು ಆ ನಿದ್ದೆಯ ವಿಷಯಕ್ಕೆ.

ಮೊದಲ ಭೇಟಿಯಲ್ಲಿ ನಾನೂ ದಾರಿ ತಪ್ಪಿದೆ. ಫೋನ್ ನಡುವೆ ಇಟ್ಟುಕೊಂಡು ಫೋಟೋ ಬದಲಿಸಿ, ಹೆಡ್‌ಲೈನ್ ತಿದ್ದಿ ಅಂತ ಒಂದು ಗಂಟೆ ಹೇಳಿದೆ. ಆಕೆ ಎಲ್ಲದಕ್ಕೂ ತಲೆಯಾಡಿಸಿದರು. ಮನೆಗೆ ಹೋಗಿ ಒಂದಕ್ಷರವನ್ನೂ ಬದಲಿಸಲಿಲ್ಲ.

ಎರಡನೇ ಭೇಟಿಯಲ್ಲಿ ಫೋನ್ ಬ್ಯಾಗಿನಲ್ಲಿಡಿ ಅಂದೆ. "ದೀಪಾವಳಿ ಆದಮೇಲೆ ಸೀಸನ್ ಜೋರಿದ್ದಾಗ ನಿಮ್ಮ ಒಂದು ದಿನ ಹೇಗಿತ್ತು, ಬೆಳಿಗ್ಗೆಯಿಂದ ಹೇಳಿ" ಅಂತ ಕೇಳಿದೆ. ನಾನು ಸುಮ್ನೆ ಒಂದು ಹಾಳೆ ಇಟ್ಟುಕೊಂಡು ಬರೆದುಕೊಳ್ಳುತ್ತ ಹೋದೆ.

ಮೊದಲು ಅಡುಗೆ, ಮಕ್ಕಳ ಸ್ಕೂಲ್ ಅಂತಲೇ ಶುರು ಮಾಡಿದರು. 10 ಗಂಟೆಗೆ ಅಂಗಡಿಯ ಒಳಕೋಣೆಗೆ ಬರುತ್ತಾರೆ. ಇ-ಟೆಂಡರ್ ರೇಟ್ ಬಂದ ಮೇಲೆ ತೂಕದ ಚೀಟಿಗಳು ಇವರ ಮೇಜಿಗೆ ಬರುತ್ತವೆ. ಒಬ್ಬೊಬ್ಬ ರೈತರಿಗೂ ಪಟ್ಟಿ, ಅಂದರೆ ಮಾಲಿನ ಬಿಲ್ಲು, ಮಾಡಬೇಕು. ಜೋರಿದ್ದ ದಿನ 60, 70 ಪಟ್ಟಿ. ಹಮಾಲರ ಲೆಕ್ಕ, ಲಾರಿ ಬಾಡಿಗೆ, ರೈತರ ಖಾತೆಗೆ ದುಡ್ಡು ಹಾಕೋದು, ಎಲ್ಲ ಸಂಜೆಯೊಳಗೆ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರಿಗೆ ಏರಬೇಕು. ತೇವಾಂಶ ಜಾಸ್ತಿ ಇದೆ ಅಂತ ಕೊಂಡವರು ದುಡ್ಡು ಕಡಿತ ಮಾಡಿದರೆ ಫೋನ್ ಮಾಡಿ ಮಾತಾಡುವವರೂ ಇವರೇ. ದೊಡ್ಡ ಖರೀದಿದಾರರು ಹಿಡಿದ ಟಿಡಿಎಸ್ (ಪಾವತಿಯಲ್ಲೇ ಮುರಿದುಕೊಳ್ಳುವ ತೆರಿಗೆ) ತೆರಿಗೆ ಇಲಾಖೆಯ ದಾಖಲೆಯಾದ 26ಎಎಸ್‌ನಲ್ಲಿ ಬಂದಿದೆಯಾ ಅಂತ ತಾಳೆ ನೋಡೋದು ಇವರು. ಒಂದು ಸಲ ಒಂದು ಕಡೆಯಿಂದ ಬರಬೇಕಾದ ಟಿಡಿಎಸ್ ತಪ್ಪು ಪ್ಯಾನ್ ನಂಬರಿಗೆ ಹೋಗಿತ್ತಂತೆ. ಆಡಿಟರ್‌ಗಿಂತ ಮೊದಲು ಹಿಡಿದದ್ದು ಇವರು.

ಇದನ್ನು ಹೇಳುವಾಗ ಆಕೆಯ ದನಿಯೇ ಬೇರೆ. ಬೆನ್ನು ನೆಟ್ಟಗಾಗಿತ್ತು. ಎಷ್ಟು ವರ್ಷದಿಂದ ಅಂತ ಕೇಳಿದೆ. "2017ರಿಂದ. ಮೊದಲಿದ್ದ ಗುಮಾಸ್ತರು ಬಿಟ್ಟಮೇಲೆ."

ಹಾಳೆ ತಿರುಗಿಸಿ ತೋರಿಸಿದೆ. ಮೇಲಿಂದ ಕೆಳಗಿನವರೆಗೆ ತುಂಬಿತ್ತು. ಇದೆಲ್ಲ ಕೆಲಸ ಅಲ್ವಾ ಅಂದೆ.

"ಅದು ಕೆಲಸ ಅಲ್ಲ ಬಿಡ್ರಿ ಮೇಡಂ, ಅಂಗಡಿ ಲೆಕ್ಕ ಅಷ್ಟೇ" ಅಂದರು. ಸ್ವಲ್ಪ ಹೊತ್ತು ಹಾಳೆ ನೋಡುತ್ತ ಕೂತರು. ಆಮೇಲೆ ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ. "ನಮ್ಮ ಮಾವ ಬಂದವರಿಗೆಲ್ಲ ಹೇಳ್ತಾರೆ, ನಮ್ಮ ಮನೆ ಹೆಣ್ಮಕ್ಕಳನ್ನ ನಾವು ಕೆಲಸಕ್ಕೆ ಕಳಿಸೋದಿಲ್ಲ ಅಂತ. ಅವರು ಹೊರಗೆ ಗಾದಿ ಮೇಲೆ ಕೂತು ಹಂಗೆ ಹೇಳುವಾಗ ನಾನು ಒಳಗೆ ಅವರದ್ದೇ ಲೆಕ್ಕ ಬರೀತಿರ್ತೀನಿ."

ಅಳಲಿಲ್ಲ. ನಾನೂ ಏನೂ ಹೇಳಲಿಲ್ಲ. ಆ ಹೊತ್ತು ಮಾತಾಡಿದ್ದರೆ ಕೆಡುತ್ತಿತ್ತು. ಎರಡು ನಿಮಿಷ ಬಿಟ್ಟು ಆಕೆಯೇ ಬ್ಯಾಗಿನಿಂದ ಫೋನ್ ತೆಗೆದರು.

ಇನ್ನು ನಾನು ಕೊಟ್ಟ ಸಲಹೆ. ಮೊದಲು "ಡೈನಾಮಿಕ್" ಅಳಿಸಿ ಅಂದೆ. ಹೆಡ್‌ಲೈನಿಗೆ 220 ಅಕ್ಷರ ಜಾಗ ಇರುತ್ತದೆ, ಅದರಲ್ಲಿ ಲೆಕ್ಕಪತ್ರ, ಟ್ಯಾಲಿ, ಟಿಡಿಎಸ್, ಧಾನ್ಯ ವ್ಯಾಪಾರ, ದಾವಣಗೆರೆ ಇಷ್ಟು ಬಂದರೆ ಸಾಕು. ಕೆಲಸಕ್ಕೆ ಜನ ಹುಡುಕುವವರು ಟೈಪ್ ಮಾಡೋದು ಇಂಥ ಪದಗಳನ್ನೇ, ಡೈನಾಮಿಕ್ ಅಂತ ಯಾರೂ ಹುಡುಕುವುದಿಲ್ಲ. ಅನುಭವದ ಜಾಗದಲ್ಲಿ 2017 ಅಂತ ನಿಜವಾದ ವರ್ಷ ಹಾಕಿ. ಹುದ್ದೆ "ಅಕೌಂಟ್ಸ್, ಕುಟುಂಬದ ಧಾನ್ಯ ವ್ಯಾಪಾರ" ಅಂತ ಇರಲಿ, ಮ್ಯಾನೇಜರ್ ಅಂತ ಬೇಡ. ಅಂಗಡಿ ಹೆಸರು ಹಾಕೋದಾದರೆ ಮನೆಯವರನ್ನು ಕೇಳಿ ಹಾಕಿ. ರೈತರ ಹೆಸರು, ಪಾರ್ಟಿಗಳ ಹೆಸರು, ವಹಿವಾಟಿನ ಮೊತ್ತ ಯಾವತ್ತೂ ಬೇಡ.

ಇಂಗ್ಲಿಷ್ ಭಯ ಇತ್ತು. ಹಾಳೆಯಲ್ಲಿ ಕನ್ನಡದಲ್ಲಿದ್ದದ್ದನ್ನು ಒಂದೊಂದು ಸಾಲಾಗಿ ಸಣ್ಣ ಇಂಗ್ಲಿಷ್ ವಾಕ್ಯ ಮಾಡಿದೆವು. ಬಾಯಲ್ಲಿ ಹೇಳಲು ಬಾರದ ವಾಕ್ಯವನ್ನು ಪ್ರೊಫೈಲಿನಲ್ಲಿ ಇಡಬೇಡಿ ಅಂದೆ. ಸಂದರ್ಶನದಲ್ಲಿ ಅದೇ ಸಾಲು ಹಿಡಿದು ಪ್ರಶ್ನೆ ಬರುತ್ತದೆ, ಆಗ ನಿಮ್ಮ ತಮ್ಮ ಪಕ್ಕದಲ್ಲಿ ಇರುವುದಿಲ್ಲ. ನಮ್ಮ ಬಗ್ಗೆ ನಾವೇ ಬರೆಯುವ "ಅಬೌಟ್" ಭಾಗಕ್ಕೆ 2600 ಅಕ್ಷರ ಸಿಗುತ್ತದೆ ನಿಜ, ಆದರೆ ತೆರೆದ ತಕ್ಷಣ ಕಾಣೋದು ಮೊದಲ ಕೆಲವು ಸಾಲು ಮಾತ್ರ. ಹಾಗಾಗಿ ದಿನಕ್ಕೆ 60 ಪಟ್ಟಿಯ ಮಾತು ಮೊದಲ ಸಾಲಿಗೇ ಬಂತು.

ಮನೆಯಲ್ಲಿ ಗೊತ್ತಾಗುವ ಮೊದಲೇ ನೆಂಟರಿಗೆ ಗೊತ್ತಾದರೆ ಅನ್ನೋದು ಇನ್ನೊಂದು ಚಿಂತೆ. ತಿದ್ದುವಾಗ ಬದಲಾವಣೆಯನ್ನು ಸಂಪರ್ಕದಲ್ಲಿರುವವರಿಗೆ ತಿಳಿಸುವ ಗುಂಡಿಯನ್ನು ಆಫ್ ಮಾಡಿಸಿದೆ. ಕೆಲಸ ಹುಡುಕುತ್ತಿದ್ದೇನೆ ಅನ್ನುವ ಹಸಿರು ಉಂಗುರ ಫೋಟೋಗೆ ಬೇಡ, ಅದನ್ನು ನೇಮಕಾತಿ ಮಾಡುವವರಿಗೆ ಮಾತ್ರ ಕಾಣುವಂತೆ ಇಡಬಹುದು ಅಂದೆ. ಹಾಗಿಟ್ಟರೂ ಪೂರ್ತಿ ಗುಟ್ಟಾಗಿರುತ್ತದೆ ಅಂತ ನಂಬಬೇಡಿ, ಇವತ್ತಲ್ಲ ನಾಳೆ ಮನೆಯಲ್ಲಿ ನೀವೇ ಹೇಳಬೇಕು ಅಂತಲೂ ಹೇಳಿದೆ. ಮತ್ತೆ, ರಿಜಿಸ್ಟ್ರೇಷನ್‌ಗೆ ಅಂತ ದುಡ್ಡು ಕೇಳಿದವರಿಗೆ ಉತ್ತರವನ್ನೇ ಕೊಡಬೇಡಿ.

ಪರಿಚಯದ ಒಬ್ಬರು "ಕೆರಿಯರ್ ಬ್ರೇಕ್" ಅಂತ ಹಾಕಿಬಿಡಿ ಅಂದಿದ್ದರಂತೆ. ಲಿಂಕ್ಡ್‌ಇನ್‌ನಲ್ಲಿ 2022ರಿಂದ ಆ ಸೌಲಭ್ಯ ಇದೆ. ಬಾಣಂತನ, ಮನೆಯಲ್ಲಿ ಹಿರಿಯರ ಕಾಯಿಲೆ ಅಂತ ಕೆಲಸ ಬಿಟ್ಟವರಿಗೆ ಅದು ಒಳ್ಳೆಯದು, ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಈಕೆಗೆ ಬೇಡ ಅಂದೆ, ಯಾಕೆಂದರೆ ಈಕೆ ಒಂದು ಸೀಸನ್ನೂ ಕೆಲಸ ನಿಲ್ಲಿಸಿಲ್ಲ. "ಫೈನಾನ್ಸ್ ಪ್ರೊಫೆಷನಲ್" ಎಷ್ಟು ಸುಳ್ಳೋ "ಬ್ರೇಕ್" ಕೂಡ ಅಷ್ಟೇ ಸುಳ್ಳು. ಒಂದರಲ್ಲಿ ಇಲ್ಲದ್ದನ್ನು ಹೇಳುತ್ತೇವೆ, ಇನ್ನೊಂದರಲ್ಲಿ ಇದ್ದದ್ದನ್ನು ನುಂಗುತ್ತೇವೆ. ನಿದ್ದೆ ಎರಡರಿಂದಲೂ ಕೆಡುತ್ತದೆ.

ಸಾಕ್ಷಿಗೆ ಯಾರು ಅನ್ನೋದು ಮುಖ್ಯ. ಗಂಡ, ಮಾವ ಹೊಗಳಿ ಬರೆದರೆ ಹೊರಗಿನವರು ಒಪ್ಪುವುದಿಲ್ಲ. ವರ್ಷವರ್ಷ ಇವರ ಲೆಕ್ಕ ನೋಡಿದ ಆಡಿಟರ್ ಇದ್ದಾರಲ್ಲ, ಅವರನ್ನು ಎರಡು ಸಾಲು ಶಿಫಾರಸು ಕೇಳಿ ಅಂದೆ. ಆಕೆಗೆ ಇದೇ ಎಲ್ಲಕ್ಕಿಂತ ಕಷ್ಟವಾಯಿತು. 3 ವಾರ ಬೇಕಾಯಿತು ಕೇಳೋಕೆ. ಅವರು ಅದೇ ಸಂಜೆ ಬರೆದುಕೊಟ್ಟರು, ಆ ಪ್ಯಾನ್ ನಂಬರಿನ ವಿಷಯವನ್ನೂ ಸೇರಿಸಿ.

ಇದನ್ನು ಕೇಳಿದ ನನ್ನ ಸಹೋದ್ಯೋಗಿಯೊಬ್ಬರು, ಪ್ರೊಫೈಲ್ ತಿದ್ದೋದು ಆಪ್ತಸಲಹೆ ಹೇಗಾಗುತ್ತದೆ, 7, 8 ವರ್ಷದ ಸಂಬಳ ಕೇಳು ಅಂತ ಯಾಕೆ ಹೇಳಲಿಲ್ಲ ಅಂತ ಕೇಳಿದರು. ಆಕೆ ರಾತ್ರಿ ಮರಳಿ ಹೋಗಬೇಕಾದದ್ದು ಅದೇ ಮನೆಗೆ. ತಾನು ಮಾಡಿದ್ದು ಕೆಲಸ ಅಂತ ಆಕೆಗೇ ಅನಿಸದೆ ಇರುವಾಗ ಸಂಬಳ ಕೇಳಲು ಕಳಿಸಿದರೆ ಮಾವನ ಒಂದೇ ಮಾತಿಗೆ ಸೋತು ಬರುತ್ತಿದ್ದರು. ಮೊದಲು ಆಕೆ ಅದನ್ನು ತನ್ನ ಕೈಯಾರೆ ಬರೆಯಬೇಕಿತ್ತು. ಈ ವಿಷಯದಲ್ಲಿ ನಾನು ಗಟ್ಟಿಯಾಗಿಯೇ ನಿಲ್ಲುತ್ತೇನೆ.

ಹೋದ ವಾರ ಬಂದಿದ್ದರು. ನಿದ್ದೆ ಪರವಾಗಿಲ್ಲ. ಊರಿನಲ್ಲೇ ಒಂದು ಕಚೇರಿಯವರು ದಿನಕ್ಕೆ 4 ಗಂಟೆ ಬರ್ತೀರಾ ಅಂತ ಕೇಳಿದ್ದಾರೆ, ಇನ್ನೂ ಯಾವುದೂ ಪಕ್ಕಾ ಆಗಿಲ್ಲ. ಮನೆಯಲ್ಲಿ ಹೇಳಿದ್ದಾರೆ. ಗಂಡ ನೋಡೋಣ ಅಂದರಂತೆ. ಮಾವ ತುಂಬ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಸೀಸನ್‌ನಾಗೆ ಪಟ್ಟಿ ಯಾರು ಬರೀತಾರೆ?" ಅಂತ ಕೇಳಿದರಂತೆ.

ಆ ಪ್ರಶ್ನೆಗೆ ಏನು ಹೇಳಬೇಕು ಅನ್ನೋದನ್ನು ಮುಂದಿನ ಭೇಟಿಯಲ್ಲಿ ಕೂತು ಮಾತಾಡುತ್ತೇವೆ.