ಕಂಪ್ಯೂಟರ್ ಫ್ಯಾನ್‌ಗೆ ಯಾವ ಎಣ್ಣೆ ಬಿಡಲಿ ಅಂತ ಕೇಳಿದ ಹಾಸನದವರಿಗೆ

ಕಂಪ್ಯೂಟರ್ ಒಳಗಿನ ಫ್ಯಾನ್ ಬೆಳಿಗ್ಗೆ ಆನ್ ಮಾಡಿದ ಕೂಡಲೇ ಗರ್ರ್ ಅನ್ನುತ್ತೆ, ಹತ್ತು ನಿಮಿಷ ಆದ್ಮೇಲೆ ತಾನಾಗೇ ಸುಮ್ಮನಾಗುತ್ತೆ, ಯಾವ ಎಣ್ಣೆ ಎಷ್ಟು ಹನಿ ಬಿಡ್ಬೇಕು ಅಂತ ಕೇಳಿದ್ದೀರಲ್ಲ, ಓದಿ ಮೊದಲು ನಗು ಬಂತು, ಆಮೇಲೆ ಸಂಕಟಾನೂ ಆಯ್ತು. ಯಾಕಂದ್ರೆ ಇದೇ ಸೌಂಡ್‌ಗೆ ಎಣ್ಣೆ ಬಿಟ್ಟವನು ನಾನು. ಅದೂ ಕೊಬ್ರಿ ಎಣ್ಣೆ.

ನಾನಿರೋದು ಚಿಕ್ಕಮಗಳೂರು ಹತ್ರ, ಆಲ್ದೂರು ಕಡೆ ಒಂದು ಕಾಫಿ ತೋಟದಲ್ಲಿ ರೈಟರ್ ಕೆಲಸ. ರೈಟರ್ ಅಂದ್ರೆ ಕಥೆ ಬರೆಯೋನು ಅಂದ್ಕೋಬೇಡಿ, ತೋಟದ ಲೆಕ್ಕ ಬರೆಯೋನು. ಚೆಕ್‌ರೋಲು ಅಂದ್ರೆ ಆಳುಗಳ ಹಾಜರಿ, ಹಣ್ಣು ಕುಯ್ದ ಕೇಜಿ ಲೆಕ್ಕ, ಗೊಬ್ಬರದ ಲೆಕ್ಕ, ಬಟವಾಡೆ, ಎಲ್ಲಾನೂ ಮನೇಲಿರೋ ಡೆಸ್ಕ್‌ಟಾಪಲ್ಲಿ ಎಕ್ಸೆಲ್‌ಗೆ ಹಾಕ್ತೀನಿ. ಇಂಟೆಲ್‌ನ ನಾಲ್ಕನೇ ಜನರೇಷನ್ ಐ3 ಪ್ರೊಸೆಸರ್, ಹಳೇದು, ಆದ್ರೆ ನನ್ನ ಕೆಲಸಕ್ಕೆ ಧಾರಾಳ ಸಾಕು. ಪ್ರೊಸೆಸರ್ ತಣ್ಣಗಿಡೋಕೆ ಅದರ ಜೊತೆ ಬಂದಿದ್ದ ಕೂಲರ್ ಯಾವಾಗ್ಲೋ ಹೋಗಿ, ಚೌಕದ ಫ್ಯಾನ್ ಇರೋ ಒಂದು ಅಗ್ಗದ ಕೂಲರ್ ಹಾಕ್ಸಿದ್ದೆ. ಕಂಪ್ಯೂಟರ್ ಟೇಬಲ್ ಕಿಟಕಿ ಪಕ್ಕ, ಕಿಟಕಿ ಆಚೆ ಕಾಫಿ ಒಣಗಿಸೋ ಕಣ. ಸೀಸನ್ನಲ್ಲಿ ಕಣ ಗುಡಿಸಿದಾಗ, ಕಾಫಿ ತಿರುವಿ ಹಾಕಿದಾಗ ಏಳೋ ಧೂಳು ಸೀದಾ ಮನೆ ಒಳಗೆ. ಬೇರೆ ಕಡೆ ಟೇಬಲ್ ಇಡೋಕೆ ಕ್ವಾರ್ಟರ್ಸಲ್ಲಿ ಜಾಗ ಇಲ್ಲ.

ನಿಮ್ಮದೇ ಥರ ಸೌಂಡ್ ಶುರುವಾಯ್ತು. ದೀಪಾವಳಿಗೆ ಮನೆ ಕ್ಲೀನ್ ಮಾಡುವಾಗ ಇದನ್ನೂ ಮುಗಿಸಿಬಿಡೋಣ ಅಂತ ಕಂಪ್ಯೂಟರ್ ಕ್ಯಾಬಿನೆಟ್ ಬಿಚ್ಚಿ, ನಾಲ್ಕು ಸ್ಕ್ರೂ ತೆಗೆದು ಫ್ಯಾನ್ ಹೊರಗೆ ತಂದೆ. ಹಿಂದಗಡೆ ಸ್ಟಿಕರ್ ಇರುತ್ತೆ, ಅದನ್ನ ಎಬ್ಬಿಸಿದ್ರೆ ಒಂದು ಸಣ್ಣ ರಬ್ಬರ್ ಮುಚ್ಚಳ, ಅದರ ಕೆಳಗೆ ಫ್ಯಾನ್ ತಿರುಗೋ ಕಡ್ಡಿ. ಅಗ್ಗದ ಫ್ಯಾನ್‌ಗಳಲ್ಲಿ ಬಾಲ್ ಬೇರಿಂಗ್ ಇರಲ್ಲ, ಒಂದು ಲೋಹದ ಬುಷ್, ಅಂದ್ರೆ ಸಣ್ಣ ಕೊಳವೆ ಒಳಗೆ ಕಡ್ಡಿ ತಿರುಗುತ್ತೆ ಅಷ್ಟೇ, ಮಧ್ಯದಲ್ಲಿ ತೆಳ್ಳಗೆ ಎಣ್ಣೆ. ಇದನ್ನೇ ಸ್ಲೀವ್ ಬೇರಿಂಗ್ ಅನ್ನೋದು. ವರ್ಷಗಟ್ಟಲೆ ಬಿಸಿಗೆ ಆ ಎಣ್ಣೆ ಆರಿ ಗಟ್ಟಿಯಾಗುತ್ತೆ, ಬುಷ್ ಸವೆಯುತ್ತೆ, ಬೆಳಿಗ್ಗೆ ತಣ್ಣಗಿರುವಾಗ ಕಡ್ಡಿ ಅಲ್ಲಾಡಿ ಗರಗರ ಅನ್ನುತ್ತೆ, ಬಿಸಿ ಏರಿ ಉಳಿದಿರೋ ಚೂರು ಎಣ್ಣೆ ಕರಗಿದ್ಮೇಲೆ ಸುಮ್ಮನಾಗುತ್ತೆ. ನೀವು ಹೇಳಿರೋ ಲಕ್ಷಣ ನೂರಕ್ಕೆ ತೊಂಬತ್ತು ಪಾಲು ಇದೇ. ನಾನು ಅಡುಗೆಮನೆಯಿಂದ ಕೊಬ್ರಿ ಎಣ್ಣೆ ತಂದು ಕಡ್ಡಿಪೆಟ್ಟಿಗೆ ಕಡ್ಡೀಲಿ ಅದ್ದಿ ಬಿಟ್ಟೆ. ಒಂದು ಹನಿ ಸಾಲಲ್ಲ ಅಂತ ಇನ್ನಷ್ಟು. ಎಣ್ಣೆ ಅಂಟಿದ್ದಕ್ಕೆ ಸ್ಟಿಕರ್ ವಾಪಸ್ ಕೂರಲೇ ಇಲ್ಲ, ಸೆಲ್ಲೋಟೇಪ್ ಹಾಕ್ದೆ. ಆನ್ ಮಾಡಿದ್ರೆ ಸದ್ದೇ ಇಲ್ಲ! ನಮ್ಮನೆಯವಳು ಬಂದು ನೋಡಿ "ರೀ, ಹಂಗೇ ಮಿಕ್ಸಿಗೂ ಏನಾದ್ರೂ ಮಾಡಿ" ಅಂದ್ಲು, ನಾನು ಇಂಜಿನಿಯರ್ ಥರ ಓಡಾಡ್ದೆ.

ಡಿಸೆಂಬರ್ ಬಂತು. ಇಲ್ಲಿ ಡಿಸೆಂಬರ್ ಬೆಳಿಗ್ಗೆ ಬಚ್ಚಲುಮನೇಲಿ ಕೊಬ್ರಿ ಎಣ್ಣೆ ಬಾಟ್ಲಿ ಕಲ್ಲಾಗಿರುತ್ತೆ, ಬಿಸಿನೀರಲ್ಲಿ ಇಡದೆ ತಲೆಗೆ ಬರಲ್ಲ, ಇದು ಇಲ್ಲಿ ಮಕ್ಕಳಿಗೂ ಗೊತ್ತು. 24 ಡಿಗ್ರಿ ಆಸುಪಾಸಲ್ಲೇ ಹೆಪ್ಪುಗಟ್ಟೋಕೆ ಶುರುವಾಗುತ್ತೆ ಅದು. ಬಾಟ್ಲೀಲಿ ಹೆಪ್ಪುಗಟ್ಟೋದು ಫ್ಯಾನಲ್ಲೂ ಹೆಪ್ಪುಗಟ್ಟುತ್ತೆ ಅಂತ ನನ್ನ ತಲೆಗೆ ಹೊಳೀಲಿಲ್ಲ. ಬೆಳಿಗ್ಗೆ ಸ್ವಿಚ್ ಹಾಕಿದ್ರೆ ಫ್ಯಾನ್ ಕುಂಟಿ ಕುಂಟಿ ತಡವಾಗಿ ತಿರುಗ್ತಿತ್ತು, ಅಷ್ಟರಲ್ಲಿ ಸ್ಕ್ರೀನ್ ಮೇಲೆ ಸಿಪಿಯು (ಅಂದ್ರೆ ಪ್ರೊಸೆಸರ್) ಫ್ಯಾನ್ ಎರರ್, ಎಫ್1 ಒತ್ತಿ ಅಂತ ಬಂದು ನಿಂತುಕೊಳ್ಳೋದು. ಒತ್ತಿದ್ರೆ ಬಯಾಸ್, ಅಂದ್ರೆ ವಿಂಡೋಸ್‌ಗೂ ಮೊದಲು ಬರೋ ಸೆಟ್ಟಿಂಗ್ ಪೇಜು, ಓಪನ್ ಆಗೋದು, ಹೊರಗೆ ಬಂದ್ರೆ ಅಷ್ಟೊತ್ತಿಗೆ ಫ್ಯಾನ್ ಬಿಸಿಯಾಗಿ ತಿರುಗ್ತಿರೋದು, ವಿಂಡೋಸ್ ಬರೋದು.

ಇಲ್ಲಿ ನಾನು ಮಾಡಿದ್ದು ಕೇಳಿ. ಎಣ್ಣೆ ಕಥೆ ಹೇಳಿದ್ರೆ ಎಲ್ಲರೂ ನಗ್ತಾರೆ, ನಗಲಿ, ಆದ್ರೆ ನನಗೆ ನಷ್ಟ ಆಗಿದ್ದು ಎಣ್ಣೆಯಿಂದ ಅಲ್ಲ. ದಿನಾ ಬೆಳಿಗ್ಗೆ ಎಫ್1 ಒತ್ತೋದು ಬೇಜಾರಾಗಿ, ಬಯಾಸಲ್ಲಿ ಮಾನಿಟರ್ ಅನ್ನೋ ಪೇಜಿಗೆ ಹೋಗಿ ಸಿಪಿಯು ಫ್ಯಾನ್ ಸ್ಪೀಡ್ ಅನ್ನೋದನ್ನ ಇಗ್ನೋರ್ ಅಂತ ಇಟ್ಟುಬಿಟ್ಟೆ. ಇಗ್ನೋರ್. ಅಂದ್ರೆ ಫ್ಯಾನ್ ತಿರುಗಲಿ ಬಿಡಲಿ ನನಗೆ ಹೇಳ್ಬೇಡ ಅಂತ ನಾನೇ ಕಂಪ್ಯೂಟರ್‌ಗೆ ಹೇಳಿದ ಹಾಗಾಯ್ತು. ಮದರ್‌ಬೋರ್ಡ್‌ಗೆ ಫ್ಯಾನ್ ಕಣ್ಣಿಗೆ ಕಾಣಲ್ಲ, ಫ್ಯಾನಿನ ಒಂದು ವೈರ್ ಎಷ್ಟು ಸುತ್ತು ತಿರುಗ್ತಿದೀನಿ ಅಂತ ಸಿಗ್ನಲ್ ಕಳಿಸ್ತಾ ಇರುತ್ತೆ, ಆ ಸಿಗ್ನಲ್ ಬರದಿದ್ರೆ ಬೂಟ್ ಆಗುವಾಗಲೇ ತಡೆದು ನಿಲ್ಲಿಸೋದು, ಅಷ್ಟೇ ಅದು ಮಾಡ್ತಿದ್ದಿದ್ದು. ಆ ಒಂದು ಕಾವಲನ್ನ ನಾನೇ ತೆಗೆದೆ. ಎರರ್ ಹೋಯ್ತು, ಸೌಂಡೂ ಇಲ್ಲ, ನನ್ನ ಪ್ರಕಾರ ಎಲ್ಲಾ ಸರಿಹೋಗಿತ್ತು.

ಜನವರಿ ಹೊತ್ತಿಗೆ ಎಣ್ಣೆ ಬಿಸಿಗೆ ಕರಗಿ ಟೇಪ್ ಸಂದೀಲಿ ಆಚೆ ಬಂದು, ಅದರ ಮೇಲೆ ಕಣದ ಧೂಳು ಕೂತು, ಒಳಗೆಲ್ಲಾ ಅಂಟು. ಒಂದಿನ ಫ್ಯಾನ್ ಪೂರ್ತಿ ನಿಂತೋಯ್ತು. ಗೊತ್ತೇ ಆಗ್ಲಿಲ್ಲ ಮಾರಾಯ್ರೆ, ಯಾಕಂದ್ರೆ ನಿಂತಿರೋ ಫ್ಯಾನೂ ಸೌಂಡ್ ಮಾಡಲ್ಲ! ಹಿಂದೆ ಕೈ ಇಟ್ರೆ ಗಾಳಿ ಬರ್ತಿತ್ತು, ಅದು ಎಸ್‌ಎಂಪಿಎಸ್ ಅನ್ನೋ ಕರೆಂಟ್ ಸಪ್ಲೈ ಡಬ್ಬಿಯ ಫ್ಯಾನಿಂದು, ಬೇರೆ. ಕಂಪ್ಯೂಟರ್ ಸಿಕ್ಕಾಪಟ್ಟೆ ಸ್ಲೋ ಆಯ್ತು. ಪ್ರೊಸೆಸರ್ ಬಿಸಿಯಾದಾಗ ತನ್ನ ಸ್ಪೀಡ್ ತಾನೇ ಇಳಿಸ್ಕೊಳುತ್ತೆ, ನನ್ನದರಲ್ಲಿ ಆ ಗಡಿ 100 ಡಿಗ್ರಿ, ಅದನ್ನೂ ಮೀರಿ ಏರಿದ್ರೆ ಸುಟ್ಟುಹೋಗದೆ ಇರಲಿ ಅಂತ ಒಂದೇ ಏಟಿಗೆ ಪವರ್ ಆಫ್. ಇದೆಲ್ಲಾ ಆಮೇಲೆ ತಿಳ್ಕೊಂಡಿದ್ದು, ಅವತ್ತು ನಾನು ವೈರಸ್ ಅಂದ್ಕೊಂಡೆ. ವೈರಸ್ ಅಂದ್ಕೊಂಡು ಆಂಟಿವೈರಸ್ ಫುಲ್ ಸ್ಕ್ಯಾನ್ ಹಾಕ್ದೆ, ಮೊದಲೇ ಉಸಿರುಗಟ್ಟಿರೋ ಪ್ರೊಸೆಸರ್‌ಗೆ ಇನ್ನಷ್ಟು ಕೆಲಸ, ಪಕ್ಕದಲ್ಲೇ ಎಕ್ಸೆಲ್ ಫೈಲ್ ಓಪನ್ ಇಟ್ಕೊಂಡು ಬಟವಾಡೆ ಲೆಕ್ಕ ಸೇವ್ ಮಾಡ್ತಾ ಇದ್ದೆ, ಟಪ್ ಅಂತ ಆಫ್ ಆಯ್ತು. ಕರೆಂಟ್ ಹೋಯ್ತೇನೋ ಅಂತ ನೋಡಿದ್ರೆ ಲೈಟ್ ಉರೀತಿದೆ, ಯುಪಿಎಸ್ಸೂ ಸರಿಯಾಗಿದೆ. ಮತ್ತೆ ಆನ್ ಮಾಡ್ದೆ, ಸ್ವಲ್ಪ ಹೊತ್ತಿಗೆ ಮತ್ತೆ ಟಪ್. ಅದನ್ನ ಬಿಡಲೂ ಇಲ್ಲ ನಾನು, ಹಠ ಹಿಡಿದವನ ಥರ ಆನ್ ಮಾಡ್ತಾನೇ ಹೋದೆ. ಕೊನೆಗೆ ವಿಂಡೋಸ್ ಬಂದಾಗ ಫೈಲ್ ಓಪನ್ ಆಗಲ್ಲ, ಕರಪ್ಟ್.

ಮಾರನೇ ದಿನ ಬಟವಾಡೆ. ಕುಯ್ಲಿನ ಸೀಸನ್ನಲ್ಲಿ ಕೇಜಿ ಲೆಕ್ಕದಲ್ಲಿ ಕೂಲಿ, ಯಾರು ಎಷ್ಟು ಕುಯ್ದ್ರು ಅನ್ನೋದೇ ದುಡ್ಡು. ನಮ್ಮ ಮೇಸ್ತ್ರಿ ಹತ್ರ ತೂಕದ ಚೀಟಿಗಳಿದ್ವು, ಕೆಲವು ಮಂಜಲ್ಲಿ ನೆಂದು ಅಕ್ಷರ ಹರಡಿಹೋಗಿದ್ವು, ಕೆಲವು ಇರಲೇ ಇಲ್ಲ. ರಾತ್ರಿ ಇಬ್ಬರೂ ಕೂತು ಪುಸ್ತಕದಲ್ಲಿ ಹೊಸದಾಗಿ ಬರೆದ್ವಿ. ಬೆಳಿಗ್ಗೆ "ರೈಟ್ರೇ, ಜನ ಸಂತೆಗೆ ಹೋಗ್ಬೇಕು, ಕಾಯ್ತಾ ಇದಾರೆ" ಅಂತ ಅವನು ಅವಸರ ಮಾಡ್ತಿದ್ದಾನೆ. ಚೀಟಿ ಸಿಗದೇ ಇರೋರು ಹೇಳಿದಷ್ಟೇ ಕೇಜಿ ಹಾಕಿಕೊಟ್ಟೆ, ವ್ಯತ್ಯಾಸ ಬಂದಿದ್ದು ನನ್ನ ಜೇಬಿಂದ. ಸಾಹುಕಾರ್ರು ಏನೂ ಬೈಯ್ಯಲಿಲ್ಲ, ಆದ್ರೆ ಅವತ್ತಿಂದ ಪುಸ್ತಕದಲ್ಲೂ ಬರೀರಿ ಅಂದ್ರು, ಈಗ ಎರಡೆರಡು ಕಡೆ ಬರೀತೀನಿ.

ಕೂಲರ್ ತಗೊಂಡು ಚಿಕ್ಕಮಗಳೂರಲ್ಲಿ ಒಂದು ಅಂಗಡಿಗೆ ಹೋದ್ರೆ ಅಲ್ಲಿರೋ ಹುಡುಗ ಫ್ಯಾನ್ ಮೂಸಿ ನೋಡಿ "ಅಣ್ಣ, ಇದಕ್ಕೆ ಒಗ್ಗರಣೆ ಹಾಕಿದ್ರಾ" ಅಂದ. ಹೊಸ ಫ್ಯಾನಿಗೆ ಆ ಒಂದು ವಾರದ ತರಕಾರಿ ದುಡ್ಡೂ ಆಗ್ಲಿಲ್ಲ.

ಅದಕ್ಕೇ ಹೇಳ್ತಿದ್ದೀನಿ, ಯಾವ ಎಣ್ಣೆ ಅನ್ನೋ ಪ್ರಶ್ನೇನೇ ಬಿಟ್ಹಾಕಿ. ಹೊಲಿಗೆ ಮಿಷನ್ ಎಣ್ಣೆ ಕೆಟ್ಟದ್ದೇನಲ್ಲ, ಒಂದು ಹನಿ ಬಿಟ್ರೆ ಹೊಸ ಫ್ಯಾನ್ ಬರೋವರೆಗೆ ಓಡುತ್ತೆ. ತುಕ್ಕು ಬಿಡಿಸೋ ಸ್ಪ್ರೇ ಬರುತ್ತಲ್ಲ ಅದನ್ನಂತೂ ಹಾಕಲೇಬೇಡಿ, ಅದು ಇರೋ ಜಿಡ್ಡನ್ನೂ ತೊಳೆದು ಆರಿಹೋಗುತ್ತೆ, ಆಮೇಲೆ ಮೊದಲಿಗಿಂತ ಜೋರು ಸೌಂಡ್. ಕೊಬ್ರಿ ಎಣ್ಣೆ ವಿಷಯ ಹೇಳಿ ಆಯ್ತು. ಆದ್ರೆ ಸವೆದ ಬುಷ್ ಯಾವ ಎಣ್ಣೆಗೂ ವಾಪಸ್ ಬರಲ್ಲ, ಫ್ಯಾನ್ ಬದಲಾಯಿಸಿ, ಮುಗೀತು. ಕಂಪ್ಯೂಟರೇ ಹಳೇದಾಯ್ತು ಹೊಸದು ತಗೋಳ್ಳಿ ಅಂತ ಅಂಗಡಿಯವರು ಹೇಳಿದ್ರೆ ತಲೆ ಆಡಿಸಿ ಎದ್ದು ಬನ್ನಿ.

ಅದಕ್ಕೂ ಮೊದಲು ಯಾವ ಫ್ಯಾನ್ ಅಂತ ಗೊತ್ತಾಗಬೇಕಲ್ಲ. ಪಕ್ಕದ ತಗಡು ತೆಗೆದು ಆನ್ ಮಾಡಿ, ಒಂದು ನ್ಯೂಸ್‌ಪೇಪರ್ ಕೊಳವೆ ಥರ ಸುತ್ತಿ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಒಂದೊಂದು ಫ್ಯಾನ್ ಹತ್ರ ಹಿಡೀರಿ, ರೆಕ್ಕೆಗೆ ತಾಗಿಸ್ಬೇಡಿ. ತಗಡು ತೆಗೆದ ಕೂಡಲೇ ಸೌಂಡ್ ಹೋದ್ರೆ ಫ್ಯಾನಿಂದೇ ಅಲ್ಲ, ತಗಡು ನಡುಗ್ತಿದೆ, ಸ್ಕ್ರೂ ಬಿಗಿ ಮಾಡಿ. ಟಕಟಕ ಅಂತ ಒಂದೇ ತಾಳದಲ್ಲಿ ಬಂದ್ರೆ ಯಾವುದೋ ವೈರ್ ರೆಕ್ಕೆಗೆ ತಾಗ್ತಿದೆ, ಟ್ಯಾಗ್ ಹಾಕಿ ಕಟ್ಟಿ. ಸೌಂಡ್ ಹಾರ್ಡ್‌ಡಿಸ್ಕ್ ಕಡೆಯಿಂದ ಬರ್ತಿದ್ರೆ, ಕ್ಲಿಕ್ ಕ್ಲಿಕ್ ಅಂತಿದ್ರೆ, ಈ ಉತ್ತರ ಓದೋದು ನಿಲ್ಲಿಸಿ ಮೊದಲು ಫೋಟೋ ಫೈಲು ಎಲ್ಲಾ ಬೇರೆ ಕಡೆ ಕಾಪಿ ಮಾಡ್ಕೊಳ್ಳಿ, ಫ್ಯಾನ್ ಕಥೆ ಆಮೇಲೆ.

ಬೆಳಿಗ್ಗೆ ಸುಮ್ಮನಿದ್ದು ಕೆಲಸ ಜಾಸ್ತಿ ಕೊಟ್ಟಾಗ ಮಾತ್ರ ಹುಯ್ಯೋ ಅಂತಿದ್ರೆ ಅದು ಫ್ಯಾನ್ ತಪ್ಪಲ್ಲ. ಬಿಸಿ ಜಾಸ್ತಿ ಆಗಿ ಫ್ಯಾನ್ ಜೋರಾಗಿ ಓಡ್ತಿದೆ. ಫ್ಯಾನ್ ಕೆಳಗಿರೋ ಅಲ್ಯೂಮಿನಿಯಂ ಸಂದಿಗಳಲ್ಲಿ ಧೂಳು ಮೆತ್ತಿರುತ್ತೆ, ಮೇಲಿಂದ ಕಾಣಲ್ಲ, ಫ್ಯಾನ್ ತೆಗೆದ್ರೇ ಕಾಣೋದು. ಪ್ಲಗ್ ಕಿತ್ತು, ಅಂಗಳಕ್ಕೆ ತಗೊಂಡು ಹೋಗಿ ಪೇಂಟ್ ಬ್ರಷಲ್ಲಿ ಉದುರಿಸಿ. ಬ್ಲೋವರ್ ಇದ್ರೆ ಬಳಸಿ, ಆದ್ರೆ ಫ್ಯಾನ್ ರೆಕ್ಕೇನ ಬೆರಳಲ್ಲಿ ಹಿಡ್ಕೊಂಡಿರಿ, ಗಾಳಿಗೆ ಅದು ಲೆಕ್ಕ ಇಲ್ಲದೆ ತಿರುಗಿ ಬೇರಿಂಗ್ ಹೋಗುತ್ತೆ. ಕೂಲರನ್ನೇ ಪೂರ್ತಿ ಎತ್ತಿದ್ರೆ ಹಳೇ ಪೇಸ್ಟ್ ಒರೆಸಿ, ಬಿಸೀನ ಕೂಲರ್‌ಗೆ ದಾಟಿಸೋ ಥರ್ಮಲ್ ಪೇಸ್ಟ್ ಹೊಸದು ಹಾಕ್ಲೇಬೇಕು, ತೊಗರಿಕಾಳಿನಷ್ಟು ಪ್ರೊಸೆಸರ್ ಮಧ್ಯದಲ್ಲಿಟ್ಟು ಕೂಲರ್ ಒತ್ತಿದ್ರೆ ತಾನೇ ಹರಡುತ್ತೆ. ಇಂಟೆಲ್ ಜೊತೆ ಬರೋ ಕೂಲರ್ ಆದ್ರೆ ನಾಲ್ಕು ಮೂಲೇಲಿ ಪ್ಲಾಸ್ಟಿಕ್ ಪಿನ್ ಇರುತ್ತೆ, ಎದುರುಬದುರು ಮೂಲೆ ಒತ್ತುತ್ತಾ ನಾಲ್ಕೂ ಟಕ್ ಅಂದಿದೆಯಾ ನೋಡಿ, ಒಂದು ಎದ್ದಿದ್ರೂ ಪ್ರೊಸೆಸರ್ ಬಿಸಿಯಾಗುತ್ತೆ.

ಸೌಂಡ್ ಎಸ್‌ಎಂಪಿಎಸ್ ಡಬ್ಬಿಯಿಂದ ಬಂದ್ರೆ ಆ ಡಬ್ಬಿ ಬಿಚ್ಚಬೇಡಿ. ಅದರೊಳಗೆ ಕರೆಂಟ್ ಹಿಡಿದಿಟ್ಟುಕೊಳ್ಳೋ ಕೆಪಾಸಿಟರಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಇರುತ್ತೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ಯೂಟ್ಯೂಬಲ್ಲಿ ಬಿಚ್ಚಿ ತೋರಿಸೋರು ತೋರಿಸಲಿ. ಹೊಸದು ಹಾಕ್ಸಿ.

ಬಯಾಸಲ್ಲಿ ಫ್ಯಾನ್ ಸೆಟ್ಟಿಂಗ್ ಸೈಲೆಂಟ್ ಅಂತ ಇಟ್ರೆ ಸಾಕು ಅಂತ ಕಾಮೆಂಟಲ್ಲಿ ಒಬ್ಬರು ಹೇಳಿದ್ದಾರೆ. ಫ್ಯಾನ್ ಚೆನ್ನಾಗಿದ್ದು ಸುಮ್ಮನೆ ಜೋರಾಗಿ ಓಡ್ತಿದ್ರೆ ಅದು ಸರಿ. ಬೇರಿಂಗ್ ಹೋಗಿರೋ ಫ್ಯಾನಿಗೆ ಸ್ಪೀಡ್ ಇಳಿಸಿದ್ರೆ ಸೌಂಡ್ ಕಮ್ಮಿಯಾಗಿ ನಿಮಗೆ ಸಮಾಧಾನ ಆಗುತ್ತೆ, ಅದು ಯಾವತ್ತು ನಿಲ್ಲುತ್ತೆ ಅಂತ ಗೊತ್ತಾಗಲ್ಲ. ಬಯಾಸಿಗೆ ಹೋಗೋದಾದ್ರೆ, ಆನ್ ಮಾಡಿದ ತಕ್ಷಣ ಡಿಲೀಟ್ ಅಥವಾ ಎಫ್2 ಒತ್ತಿ, ಅಲ್ಲಿ ಸಿಪಿಯು ಫ್ಯಾನ್ ಎದುರಿಗೆ ಎಷ್ಟು ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ತೋರಿಸ್ತಿದೆ, ಟೆಂಪರೇಚರ್ ಎಷ್ಟಿದೆ ನೋಡಿ, ಇಗ್ನೋರ್ ಅಂತ ಯಾರಾದ್ರೂ ಇಟ್ಟಿದ್ರೆ ತೆಗೀರಿ. ನಿಮ್ಮ ಮನೇಲಿ ಮಕ್ಕಳು ಗೇಮ್ ಆಡೋರಿದ್ರೆ ಇಟ್ಟಿರೋ ಸಾಧ್ಯತೆ ಇದೆ.

ಫ್ಯಾನ್ ತರೋಕೆ ಹೋಗುವಾಗ ಹಳೇದನ್ನ ಬಿಚ್ಚಿ ಕೈಯಲ್ಲಿ ಹಿಡ್ಕೊಂಡೇ ಹೋಗಿ, ಬಾಯಲ್ಲಿ ಹೇಳಿದ್ರೆ 80 ಎಂಎಂ ಬದಲು 92 ಕೊಟ್ಟು ಕಳಿಸ್ತಾರೆ. ಸಿಪಿಯು ಮೇಲಿಂದಾದ್ರೆ ವೈರ್ ತುದೀಲಿ ನಾಲ್ಕು ಪಿನ್ ಕನೆಕ್ಟರ್ ಇರೋದೇ ಕೇಳಿ, ಬಾಲ್ ಬೇರಿಂಗ್ ಸಿಕ್ಕಿದ್ರೆ ನಾಲ್ಕು ಕಾಸು ಜಾಸ್ತಿ ಕೊಟ್ಟು ತಗೊಳ್ಳಿ. ಕೂರಿಸುವಾಗ ಸ್ಟಿಕರ್ ಇರೋ ಕಡೆಯಿಂದ ಗಾಳಿ ಆಚೆ ಹೋಗುತ್ತೆ ಅನ್ನೋದು ನೆನಪಿರಲಿ, ಹಳೇದು ಹೆಂಗಿತ್ತು ಅಂತ ಬಿಚ್ಚೋ ಮೊದಲೇ ಮೊಬೈಲಲ್ಲಿ ಒಂದು ಫೋಟೋ ಹೊಡ್ಕೊಳ್ಳಿ.