ಓದಿದ ಪುಸ್ತಕವನ್ನೇ ಮತ್ತೆ ಓದುವುದರಲ್ಲಿ ಏನು ಸುಖ?

ಕಥೆ ಗೊತ್ತಿದ್ದ ಮೇಲೆ ಮತ್ತೆ ಯಾಕೆ ಓದಬೇಕು ಎಂದು ಕೇಳಿದ್ದೀರಿ. ಕಥೆ ಗೊತ್ತಿರುವುದರಿಂದಲೇ ಸುಖ ಜಾಸ್ತಿ. ಮೊದಲ ಸಲ 'ಮುಂದೇನಾಯ್ತು' ಎಂಬ ಆತುರ ನಮ್ಮನ್ನು ಓಡಿಸುತ್ತದೆ, ಅಲ್ವಾ? ಎರಡನೇ ಸಲ ನಿಧಾನವಾಗಿ ನಡೆಯಬಹುದು.

ನಾನು ಕಾಸರಗೋಡಿನವಳು. ನಿರಂಜನರ 'ಚಿರಸ್ಮರಣೆ'ಯನ್ನು ನಾಲ್ಕು ಸಲ ಓದಿದ್ದೇನೆ. ನಮ್ಮದೇ ಜಿಲ್ಲೆಯ ಕಯ್ಯೂರಿನ ರೈತರ ಹೋರಾಟದ ಕಾದಂಬರಿ ಅದು. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಆ ಹೋರಾಟದ ನಾಲ್ವರನ್ನು ಗಲ್ಲಿಗೇರಿಸಿದರು. ಕಾಲೇಜಿನಲ್ಲಿದ್ದಾಗ ಇದು ನನಗೆ ಗೊತ್ತಿರಲಿಲ್ಲ. ಹುಡುಗರು ಹೇಗಾದರೂ ಉಳಿದಾರು ಅಂತ ಒಂದೇ ಸಮ ಪುಟ ಮಗುಚಿದ್ದೆ. ಎರಡನೇ ಓದಿನಲ್ಲಿ ಕೊನೆ ಗೊತ್ತಿತ್ತು. ಹಾಗಾಗಿ ಅಪ್ಪು, ಚಿರುಕಂಡ ಇನ್ನೂ ಚಿಕ್ಕವರಾಗಿರುವ ಪುಟಗಳಲ್ಲೇ ಗಂಟಲು ಕಟ್ಟಿತು. ಮೊದಲು ಅವನ್ನು ಸರಸರನೆ ದಾಟಿಬಿಟ್ಟಿದ್ದೆ. ಮೂರನೇ ಸಲ ಓದುವಾಗ ನನಗೂ ಒಬ್ಬ ಮಗನಿದ್ದ. ಆಗ ಮನಸ್ಸು ಪೂರ್ತಿ ಹೋದದ್ದು ಅವರ ಹೆತ್ತವರ ಕಡೆಗೆ.

ಪುಸ್ತಕದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ, ನೋಡಿ.

ನನ್ನ ಪ್ರತಿಯ ಹೊಲಿಗೆ ಬಿಟ್ಟಿದೆ. ಮಳೆಗಾಲ ಕಳೆದ ಮೇಲೆ ಅಂಗಳದಲ್ಲಿ ಅಡಿಕೆಯ ಪಕ್ಕ ಅದನ್ನೂ ಬಿಸಿಲಿಗೆ ಇಡುತ್ತೇನೆ. ಒಳಗೆ ಕಾಲೇಜು ದಿನಗಳ ಪೆನ್ಸಿಲ್ ಗೆರೆಗಳಿವೆ. ಈಗಾಗಿದ್ದರೆ ಬೇರೆ ಸಾಲುಗಳಿಗೆ ಗೆರೆ ಎಳೆಯುತ್ತಿದ್ದೆ.

ನೀವೂ ಒಂದು ಇಷ್ಟದ ಪುಸ್ತಕ ತೆಗೆದುಕೊಳ್ಳಿ. ಓದಿ ಐದಾರು ವರ್ಷವಾದರೂ ಆಗಿರಲಿ. ಪೂರ್ತಿ ಓದಬೇಕೆಂದಿಲ್ಲ, ಸುಮ್ನೆ ನಡುವಿನ ಒಂದು ಅಧ್ಯಾಯದಿಂದ ಶುರು ಮಾಡಿ.